ಪ್ಲಂಬರ್ ಲೈಸೆನ್ಸೋ, ಕಂಟ್ರಾಕ್ಟರ್ ನೋಂದಣಿಯೋ: ನೀರು, ಯುಜಿಡಿ ಕೆಲಸಕ್ಕೆ ಇಳಿಯುವವರಿಗೆ

ತಿಂಗಳಲ್ಲಿ ನಾಲ್ಕೈದು ಫೋನ್ ಬರುತ್ತವೆ, ಪ್ರಶ್ನೆ ಹೆಚ್ಚುಕಮ್ಮಿ ಒಂದೇ: “ಅಣ್ಣಾ, ಕೆಲಸ ಗೊತ್ತಿದೆ. ಲೈಸೆನ್ಸ್ ಯಾವುದು ಮಾಡಿಸಲಿ?” ಈಚೆಗೆ ಒಂದೇ ವಾರದಲ್ಲಿ ಮೂವರು ಕೇಳಿದರು. ನೆಲಮಂಗಲದ ಒಬ್ಬ ಪ್ಲಂಬರ್, ಹತ್ತು ವರ್ಷದಿಂದ ಬೇರೆಯವರ ಲೈಸೆನ್ಸಿನ ಕೆಳಗೆ ದುಡಿಯುತ್ತಿರುವವರು. ಗದಗ ಕಡೆಯ ಒಬ್ಬ ಹುಡುಗ, ಡಿಪ್ಲೊಮಾ ಸಿವಿಲ್ ಮುಗಿಸಿದ್ದಾನೆ, ಮನೆಯಲ್ಲಿ ಐದು ಲಕ್ಷ ಕೊಡಲು ಒಪ್ಪಿದ್ದಾರೆ. ಶಿರಾದ ಇನ್ನೊಬ್ಬರಿಗೆ ಸ್ವಂತ ಜೆಸಿಬಿ ಇದೆ, ದೊಡ್ಡ ಕಂಪನಿಗಳ ಯುಜಿಡಿ (ಒಳಚರಂಡಿ) ಲೈನಿಗೆ ಗಂಟೆ ಲೆಕ್ಕದಲ್ಲಿ ಟ್ರೆಂಚ್ ತೋಡಿಕೊಡುತ್ತಾರೆ. ಮೂವರದೂ ನೀರು-ಚರಂಡಿ ಕೆಲಸವೇ, ಆದರೆ ಮೂವರಿಗೂ ಬೇಕಾದ ಕಾಗದ ಬೇರೆ ಬೇರೆ. ಐದು ನಿಮಿಷದ ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ರಾಜ್ಯದಲ್ಲಿ ‘ನೀರು ಮತ್ತು ಒಳಚರಂಡಿ ಗುತ್ತಿಗೆದಾರ’ ಎಂಬ ಹೆಸರಿನ ಒಂದೇ ಲೈಸೆನ್ಸ್ ಇಲ್ಲ. ಮನೆಗೆ ನಲ್ಲಿ ಅಥವಾ ಯುಜಿಡಿ ಸಂಪರ್ಕ ಕೊಡಿಸುವವರಿಗೆ ಅಲ್ಲಿನ ನೀರಿನ ಸಂಸ್ಥೆ ಕೊಡುವ ಪ್ಲಂಬರ್ ಲೈಸೆನ್ಸ್ ಬೇಕು. ಊರಿನ ಪೈಪ್‌ಲೈನ್, ಟ್ಯಾಂಕು, ಒಳಚರಂಡಿ ಜಾಲ ಹಾಕುವ ಸರ್ಕಾರಿ ಕಾಮಗಾರಿ ಹಿಡಿಯಲು ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರ ನೋಂದಣಿ ಬೇಕು, ಸಾಮಾನ್ಯ ಮಾತಿನಲ್ಲಿ ‘ಪಿಡಬ್ಲ್ಯೂಡಿ ಲೈಸೆನ್ಸ್’. ದೊಡ್ಡವರ ಕೈಕೆಳಗೆ ಪೆಟ್ಟಿ ಕಂಟ್ರಾಕ್ಟ್ ಮಾಡುವುದು ಮೂರನೇ ದಾರಿ. ಶೌಚಗುಂಡಿ ಖಾಲಿ ಮಾಡುವ ಸಕ್ಕಿಂಗ್ ಲಾರಿ ನಾಲ್ಕನೆಯದು. ಈ ನಾಲ್ಕರಲ್ಲಿ ಒಂದನ್ನು ಆರಿಸಬೇಕು, ಇಲ್ಲವೇ ಒಂದರಿಂದ ಇನ್ನೊಂದಕ್ಕೆ ದಾಟಬೇಕು.

ಯಾವ ಅಳತೆಗೋಲು ಹಿಡಿಯಬೇಕು

ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ನಿಮಗೆ ದುಡ್ಡು ಕೊಡುವವರು ಯಾರು, ಮನೆ ಮಾಲೀಕರೋ ಸರ್ಕಾರವೋ ಕಂಪನಿಯೋ? ಕೆಲಸ ಮುಗಿದ ಮೇಲೆ ಆ ದುಡ್ಡಿಗಾಗಿ ಎಷ್ಟು ತಿಂಗಳು ಕಾಯಬಲ್ಲಿರಿ? ಕಾಗದ-ಪತ್ರ ನೋಡಿಕೊಳ್ಳುವವರು ಮನೆಯಲ್ಲಿ ಇದ್ದಾರಾ, ಇಲ್ಲ ಆಡಿಟರ್‌ಗೆ ಕೊಡುವ ಶಕ್ತಿ ಇದೆಯಾ? ಕೊನೆಯದಾಗಿ, ನಿಮ್ಮ ಕೆಲಸದಲ್ಲಿ ಗುಂಡಿಯ ಹತ್ತಿರ ಹೋಗುವವರು ಯಾರು, ಅವರ ಜೀವದ ಹೊಣೆ ಯಾರ ಹೆಸರಿನಲ್ಲಿದೆ?

ಬಹಳ ಮಂದಿ ಇದನ್ನೆಲ್ಲ ಬಿಟ್ಟು “ಯಾವುದರಲ್ಲಿ ಲಾಭ ಜಾಸ್ತಿ?” ಅಂತಲೇ ಶುರು ಮಾಡುತ್ತಾರೆ. ಲಾಭ ಎಷ್ಟು ಅನ್ನುವುದು ಎರಡನೇ ಪ್ರಶ್ನೆಯ ಮೇಲೇ ನಿಂತಿದೆ. ಎಷ್ಟು ಕಾಯಬಲ್ಲಿರಿ ಎಂದು ಗೊತ್ತಿಲ್ಲದೆ ಹಾಕಿದ ಲಾಭದ ಲೆಕ್ಕಕ್ಕೆ ತಳವಿಲ್ಲ. ಅದನ್ನು ಮುಂದೆ ಅಂಕಿ ಸಮೇತ ಹೇಳುತ್ತೇನೆ.

ಗುಂಡಿಯ ವಿಷಯ ಮಾತ್ರ ಈಗಲೇ. ಯಾವ ದಾರಿ ಹಿಡಿದರೂ ಇದು ಬಿಡುವುದಿಲ್ಲ.

ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸುವ 2013ರ ಕಾಯ್ದೆ ಬಂದ ಮೇಲೆ ಒಳಚರಂಡಿಯ ಆಳುಗುಂಡಿಗೋ (ಮ್ಯಾನ್‌ಹೋಲ್) ಶೌಚಗುಂಡಿಗೋ ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಇಳಿಸಿ ಸ್ವಚ್ಛ ಮಾಡಿಸುವುದು ಅಪರಾಧ. ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ ಐದು ವರ್ಷ, 5 ಲಕ್ಷ. ಕಾಯ್ದೆಯ ಕೆಳಗಿನ ನಿಯಮಗಳು ಸಾಧನ ಹಾಕಿಕೊಂಡು ಇಳಿಯುವುದಕ್ಕೂ ಕೆಲವೇ ಸಂದರ್ಭದಲ್ಲಿ ಅವಕಾಶ ಕೊಡುತ್ತವೆ: ಯಂತ್ರ ಇಳಿಸಲಾಗದ ಕಡೆ ಒಡೆದುಬಿದ್ದ ಮುಚ್ಚಳ ತೆಗೆಯುವುದು, 300 ಮಿ.ಮೀ. ಮೀರಿದ ಹೊಸ ಲೈನನ್ನು ಹಳೇ ಲೈನಿಗೆ ಜೋಡಿಸುವುದು, ತಳದಲ್ಲಿ ಕೂರಿಸಿದ ಸಬ್‌ಮರ್ಸಿಬಲ್ ಪಂಪ್ ತೆಗೆಯುವುದು, ಆಳುಗುಂಡಿ ಪುನಃ ಕಟ್ಟುವುದು. ಇವನ್ನು ಬಿಟ್ಟು ಬೇರೆ ಏನೇ ಇದ್ದರೂ ಸ್ಥಳೀಯ ಸಂಸ್ಥೆಯ ಮುಖ್ಯಾಧಿಕಾರಿಯ ಲಿಖಿತ ಅನುಮತಿ ಬೇಕು. ಎಂಜಿನಿಯರ್ ಬಾಯಲ್ಲಿ “ಇಳಿಸ್ರಿ, ನಾನಿದೀನಿ” ಅಂದರೆ ಅದು ಅನುಮತಿ ಅಲ್ಲ. ಒಳಚರಂಡಿ ಸಾವಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಕೈಯಿಂದ ಒಳಚರಂಡಿ ಶುಚಿ ಮಾಡಿಸುವುದನ್ನು ನಿಲ್ಲಿಸಲೇಬೇಕು ಎಂದಿತು.

ಕಾನೂನು ಒಂದು ಕಡೆ ಇರಲಿ. ನಾನು ಹೆಲ್ಪರ್ ಆಗಿದ್ದಾಗ ನಡೆದದ್ದು ಹೇಳುತ್ತೇನೆ. ಒಂದು ಲೇಔಟಿನಲ್ಲಿ ಹಳೇ ಚೇಂಬರಿನ ಮುಚ್ಚಳವನ್ನು ಹಾರೆ ಹಾಕಿ ಎತ್ತಿದ್ದೆವು. ಬಾಯಿಗೆ ಪ್ಲಾಸ್ಟರ್ ಮಾಡುತ್ತಿದ್ದಾಗ ಕರಣೆ ಜಾರಿ ಒಳಗೆ ಬಿತ್ತು. ಎಂಟು ಅಡಿ ಆಳ, ತಳದಲ್ಲಿ ಮೊಣಕಾಲುದ್ದ ಕಪ್ಪು ನೀರು. ಜೊತೆಗಿದ್ದ ಹುಡುಗ ಬಗ್ಗಿ ಮೂಸಿ ನೋಡಿ, “ವಾಸನೇನೇ ಇಲ್ಲ ಮೇಸ್ತ್ರಿ, ಒಂದ್ನಿಮಿಷ” ಅಂತ ಕಾಲು ಇಳಿಬಿಟ್ಟೇಬಿಟ್ಟ. ಮೇಸ್ತ್ರಿ ಅವನ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆ ಎಳೆದ ರಭಸಕ್ಕೆ ಎರಡು ಗುಂಡಿ ಕಿತ್ತುಬಂದವು. “ಆಗ್ಲೇ ಕೊಳೆತ ಮೊಟ್ಟೆ ವಾಸನೆ ಬರ್ತಿತ್ತಾ? ಈಗ ಇಲ್ವಾ? ಗಾಳಿ ಸರಿಹೋಗಿಲ್ಲ ಮಗಾ, ನಿನ್ನ ಮೂಗು ಸತ್ತಿದೆ.” ಆಮೇಲೆ ಓದಿ ತಿಳಿದುಕೊಂಡೆ, ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಆಗುವುದೇ ಹಾಗೆ. ಮೊದಲು ಮೂಗಿನ ಶಕ್ತಿಯನ್ನೇ ಕೆಡಿಸುತ್ತದೆ, ವಾಸನೆ ಹೋಯಿತು ಅನ್ನಿಸುತ್ತದೆ, ಆಮೇಲೆ ಮನುಷ್ಯ ಉರುಳುತ್ತಾನೆ. ಅವನನ್ನು ಎತ್ತಲು ಇಳಿದವನೂ ಉರುಳುತ್ತಾನೆ. ಆ ಕರಣೆಗೆ ಆಗ ನೂರು ರೂಪಾಯಿಯೂ ಇರಲಿಲ್ಲ.

ಹಾಗಾಗಿ ಯಾವ ನೋಂದಣಿಗೆ ಅರ್ಜಿ ಹಾಕುವ ಮೊದಲೂ ನಿಮ್ಮ ಖರ್ಚಿನ ಪಟ್ಟಿಯಲ್ಲಿ ಗ್ಯಾಸ್ ಡಿಟೆಕ್ಟರ್, ಗಾಳಿ ಊದುವ ಬ್ಲೋವರ್, ಮೈಗೆ ಕಟ್ಟುವ ಹಾರ್ನೆಸ್ ಮತ್ತು ಮೇಲೆತ್ತುವ ಟ್ರೈಪಾಡ್ ಬರೆದುಕೊಳ್ಳಿ. ಹೊಸ ಲೈನ್ ಹಾಕುವವರಿಗೆ ಟ್ರೆಂಚಿನ ಅಪಾಯ ಬೇರೆ ಇದೆ. ಭಾರತೀಯ ಮಾನಕದ ಪ್ರಕಾರ ಮಣ್ಣಿನಲ್ಲಿ 1.5 ಮೀಟರ್ ಮೀರಿದ ಟ್ರೆಂಚಿನ ಗೋಡೆಗೆ ಆಸರೆ ಕೊಡಬೇಕು. ಐದಡಿ ಗುಂಡಿ ಏನು ಮಹಾ ಅನ್ನಬೇಡಿ. ಐದಡಿಯಲ್ಲಿ ಬಗ್ಗಿ ಪೈಪ್ ಜೋಡಿಸುತ್ತಿರುವವನ ತಲೆ ಮಣ್ಣಿನ ಗೋಡೆಗಿಂತ ಮೂರಡಿ ಕೆಳಗಿರುತ್ತದೆ.

ಪ್ಲಂಬರ್ ಲೈಸೆನ್ಸ್

ಬೆಂಗಳೂರಿನಲ್ಲಿ ಇದನ್ನು ಕೊಡುವುದು ಜಲಮಂಡಳಿ, 1964ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ. ಬೇರೆ ಊರುಗಳಲ್ಲಿ ಮಹಾನಗರ ಪಾಲಿಕೆ, ನಗರಸಭೆ, ಪುರಸಭೆಗಳು. ನೆನಪಿಡಬೇಕಾದ ಮಾತು: ಲೈಸೆನ್ಸ್ ಕೊಟ್ಟವರ ಗಡಿಯೊಳಗೆ ಮಾತ್ರ ಅದಕ್ಕೆ ಬೆಲೆ. ಮಂಡಳಿಯ ಲೈಸೆನ್ಸ್ ಹಿಡಿದುಕೊಂಡು ತುಮಕೂರಿನಲ್ಲಿ ಸಂಪರ್ಕದ ಅರ್ಜಿಗೆ ಸಹಿ ಹಾಕಲು ಬರುವುದಿಲ್ಲ.

ಇಲ್ಲಿ ದುಡ್ಡು ಕೊಡುವವರು ಮನೆ ಮಾಲೀಕರು. ಮುಂಗಡ ಸಿಗುತ್ತದೆ, ಮೀಟರ್ ಕೂರಿಸಿ ನೀರು ಬಂದ ದಿನ ಬಾಕಿ ಸಿಗುತ್ತದೆ. ಒಂದೊಂದು ಕೆಲಸ ಸಣ್ಣದು, ಆದರೆ ಕೈಯಲ್ಲಿ ಹಣ ಓಡಾಡುತ್ತಿರುತ್ತದೆ. ಬಡ್ಡಿ ಸಾಲ ಬೇಕಾಗುವುದಿಲ್ಲ. ಕಾಗದದ ಭಾರವೂ ಕಡಿಮೆ: ಸಂಪರ್ಕದ ಅರ್ಜಿ, ನಕ್ಷೆ, ಮನೆಯ ದಾಖಲೆ, ರಸ್ತೆ ಅಗೆಯುವ ಅನುಮತಿ. ಈ ಕೊನೆಯದೇ ತಲೆನೋವು. ಕೊಳವೆ ಮಂಡಳಿಯದು, ರಸ್ತೆ ಪಾಲಿಕೆಯದು. ಎರಡು ಕಡೆಯ ಒಪ್ಪಿಗೆ ಬರುವ ಮೊದಲು ಗುದ್ದಲಿ ಹಾಕಿದರೆ ದಂಡ ಮನೆ ಮಾಲೀಕರ ತಲೆಗೆ, ಕೆಟ್ಟ ಹೆಸರು ನಿಮ್ಮ ತಲೆಗೆ.

ಕೆಲಸ ಎಲ್ಲಿದೆ ಎನ್ನುವುದಕ್ಕೆ ಒಂದು ಉದಾಹರಣೆ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರು, ಮುಖ್ಯವಾಗಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ. ಬೀದಿಗೆ ಮುಖ್ಯ ಕೊಳವೆ ಬಂದ ಮೇಲೂ ಅಲ್ಲಿಂದ ಮನೆಯ ಸಂಪ್‌ಗೆ ನೀರು ತರುವುದು ಪ್ಲಂಬರ್ ಕೈಯಲ್ಲೇ: ಮುಖ್ಯ ಕೊಳವೆಗೆ ಸ್ಯಾಡಲ್ ಎಂಬ ಪಟ್ಟಿ ಕಟ್ಟಿ, ನೀರನ್ನು ಕವಲಿಗೆ ಬಿಡುವ ಫೆರೂಲ್ ಕೂರಿಸಿ, ಅಲ್ಲಿಂದ ಮೀಟರ್ ಬಾಕ್ಸಿಗೆ ಪೈಪ್ ಎಳೆಯಬೇಕು. ಇದರ ಜೊತೆಗೆ ಮಳೆನೀರು ಸಂಗ್ರಹ. ಬೆಂಗಳೂರಿನಲ್ಲಿ 2009ರಿಂದ ಕಡ್ಡಾಯ, 30x40 ಮತ್ತು ಅದಕ್ಕಿಂತ ದೊಡ್ಡ ನಿವೇಶನದಲ್ಲಿ ಹೊಸ ಮನೆ ಕಟ್ಟುವವರೂ 60x40 ಮತ್ತು ಅದಕ್ಕಿಂತ ದೊಡ್ಡ ಹಳೇ ಮನೆಯವರೂ ಮಾಡಿಸಲೇಬೇಕು. ಜಯನಗರ 5ನೇ ಬ್ಲಾಕಿನಲ್ಲಿ ಮಂಡಳಿಯದೇ ಮಳೆನೀರು ಸಂಗ್ರಹ ಥೀಮ್ ಪಾರ್ಕ್ ಇದೆ, ಫಿಲ್ಟರ್ ಹೇಗೆ ಕೂರಿಸುತ್ತಾರೆ, ಇಂಗುಬಾವಿ ಹೇಗೆ ಮಾಡುತ್ತಾರೆ ಎಂಬುದನ್ನು ಕಣ್ಣಾರೆ ನೋಡಬಹುದು. ಪ್ಲಂಬರ್‌ಗಳು ಒಂದು ಬೆಳಗ್ಗೆ ಅಲ್ಲಿಗೆ ಹೋಗಿಬರಲಿ ಎಂಬುದು ನನ್ನ ಆಸೆ.

ಈ ದಾರಿಯಲ್ಲಿ ಬಿಟ್ಟುಕೊಡಬೇಕಾದ್ದೂ ಇದೆ. ಸಹಿ ನಿಮ್ಮದು ಅಂದಮೇಲೆ ತಪ್ಪೂ ನಿಮ್ಮದು. “ಮಳೆ ನೀರಿನ ಪೈಪನ್ನೂ ಯುಜಿಡಿಗೇ ಕೊಟ್ಟುಬಿಡಿ, ಗೊತ್ತಾಗಲ್ಲ” ಅಂತ ಮಾಲೀಕರು ಒತ್ತಾಯ ಮಾಡುತ್ತಾರೆ. ಕೊಟ್ಟುಬಿಟ್ಟರೆ ಜೋರು ಮಳೆಯ ರಾತ್ರಿ ಕೆಳಗಿನ ಬೀದಿಯ ಮನೆಗಳ ಬಚ್ಚಲಿನಲ್ಲಿ ಕೊಳಚೆ ಉಕ್ಕುತ್ತದೆ. ಅಂಥ ಸಹಿ ಹಾಕಬೇಡಿ. ಲೈಸೆನ್ಸ್ ಬಾಡಿಗೆಗೆ ಕೊಡುವುದೂ ಬೇಡ. ನೀವು ನೋಡದ ಟ್ರೆಂಚಿನಲ್ಲಿ ಕುಡಿಯುವ ನೀರಿನ ಪೈಪು ಚರಂಡಿ ಪೈಪಿನ ಕೆಳಗೆ ಹೋಗಿದ್ದರೆ, ಬೀದಿಯ ಮಕ್ಕಳಿಗೆ ವಾಂತಿಭೇದಿ ಹಿಡಿದಾಗ ಜನ ಹುಡುಕುವುದು ಅರ್ಜಿಯಲ್ಲಿರುವ ಹೆಸರನ್ನು.

ಅರ್ಹತೆಗೆ ಐಟಿಐ ಪ್ಲಂಬರ್ ಟ್ರೇಡ್ ಒಂದು ವರ್ಷದ ಕೋರ್ಸ್. ಶಾಲೆ ಅರ್ಧಕ್ಕೆ ಬಿಟ್ಟು ಕೆಲಸದಲ್ಲೇ ಕಲಿತವರಿಗೆ, ಹಿಂದಿನ ಕಲಿಕೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಆರ್‌ಪಿಎಲ್ ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯಲ್ಲಿದೆ. ಕೈಯಲ್ಲಿ ಕೆಲಸವಿದ್ದೂ ಕಾಗದವಿಲ್ಲದವರಿಗೆ ಇದು ಒಳ್ಳೆಯ ಬಾಗಿಲು. ಪ್ಲಂಬರ್ ಲೈಸೆನ್ಸಿಗೆ ಇವುಗಳಲ್ಲಿ ಯಾವುದನ್ನು ಒಪ್ಪುತ್ತಾರೆ ಎಂದು ನಿಮ್ಮ ಊರಿನ ಕಚೇರಿಯಲ್ಲೇ ಕೇಳಿ, ಊರಿಂದೂರಿಗೆ ಷರತ್ತು ಬೇರೆ.

ಪಿಡಬ್ಲ್ಯೂಡಿ ನೋಂದಣಿ

ಇದರಲ್ಲಿ ನಾಲ್ಕು ದರ್ಜೆ. ಹೊಸಬರು ಸಾಮಾನ್ಯವಾಗಿ ನಾಲ್ಕನೇ ದರ್ಜೆಯಿಂದ ಶುರು ಮಾಡಿ ಮೇಲೇರುತ್ತಾರೆ, ದರ್ಜೆ ಏರಿದಂತೆ ಹಿಡಿಯಬಹುದಾದ ಕೆಲಸದ ಮೊತ್ತವೂ ಏರುತ್ತದೆ. ಈ ಮೊತ್ತದ ಮಿತಿಗಳನ್ನು ಸರ್ಕಾರ ಆಗಾಗ ಬದಲಿಸುತ್ತದೆ, ಹಾಗಾಗಿ ಹಳಬರ ಬಾಯಿಮಾತು ನಂಬದೆ ಟೆಂಡರ್ ಪ್ರಕಟಣೆಯಲ್ಲೇ ದರ್ಜೆ ನೋಡಿಕೊಳ್ಳಿ. ಈ ಒಂದು ನೋಂದಣಿ ಹಿಡಿದು ಬೆಂಗಳೂರಿನ ಹೊರಗಿನ ಪಟ್ಟಣಗಳ ಕೆಲಸ ಮಾಡಿಸುವ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಹಳ್ಳಿಗಳ ಗ್ರಾಮೀಣ ಕುಡಿಯುವ ನೀರು ಇಲಾಖೆ, ನಗರಸಭೆ, ಪುರಸಭೆ ಎಲ್ಲ ಕಡೆ ಟೆಂಡರ್ ಹಾಕಬಹುದು. ಗಡಿ ದೊಡ್ಡದು, ಅದೇ ಇದರ ದೊಡ್ಡ ಗುಣ.

ಬೇಕಾಗುವ ಕಾಗದ: ಪ್ಯಾನ್, ಜಿಎಸ್‌ಟಿ, ಬ್ಯಾಂಕಿನ ಸಾಲ್ವೆನ್ಸಿ (ನಿಮಗೆ ಹಣದ ಶಕ್ತಿ ಇದೆ ಎಂಬ ಪತ್ರ), ಆದಾಯ ತೆರಿಗೆ ರಿಟರ್ನ್, ಡಿಜಿಟಲ್ ಸಹಿ. ಟೆಂಡರ್ ಎಲ್ಲ ಆನ್‌ಲೈನ್, ರಾಜ್ಯ ಸರ್ಕಾರದ ಖರೀದಿ ತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ. 1999ರ ಪಾರದರ್ಶಕತೆ ಕಾಯ್ದೆ ಇದಕ್ಕೆ ಬುನಾದಿ. ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ 17.15, ಪರಿಶಿಷ್ಟ ಪಂಗಡದವರಿಗೆ ಶೇ 6.95 ಕಾಮಗಾರಿಗಳ ಮೀಸಲಾತಿಯೂ ಇದೇ ಕಾಯ್ದೆಯಲ್ಲಿದೆ. 50 ಲಕ್ಷದವರೆಗಿನ ಕೆಲಸಕ್ಕಿದ್ದ ಈ ಮೀಸಲಾತಿಯನ್ನು 2023ರಲ್ಲಿ 1 ಕೋಟಿವರೆಗೆ ಏರಿಸಿದರು. ಅರ್ಹರಾಗಿದ್ದೂ ಗೊತ್ತಿಲ್ಲದೆ ಪೆಟ್ಟಿ ಕೆಲಸದಲ್ಲೇ ಉಳಿದವರನ್ನು ನಾನು ಬಲ್ಲೆ.

ಈಗ ಕಾಯುವ ಲೆಕ್ಕ. ಒಂದು ಸಣ್ಣ ಪಟ್ಟಣದಲ್ಲಿ ನಾನು ಹಿಡಿದ ಕೆಲಸ, 18 ಲಕ್ಷದ್ದು. ಹಳೇ ಪೈಪ್ ತೆಗೆದು ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್ ಹಾಕಿ ಮನೆ ಸಂಪರ್ಕ ಕೊಡುವುದು. ಪೈಪೋಟಿಯಲ್ಲಿ ಸರ್ಕಾರದ ದರಪಟ್ಟಿಗಿಂತ ಕೆಳಗೆ ಹೋಗಿ, ನಮ್ಮ ಮಾತಿನಲ್ಲಿ ‘ಬಿಲೋ ಹಾಕಿ’, ಹಿಡಿದದ್ದು. ಉಳಿಯುವುದು ಶೇ 8 ಅಂತ ಲೆಕ್ಕ ಹಾಕಿದ್ದೆ, ಅಂದರೆ 1 ಲಕ್ಷ 44 ಸಾವಿರ. ಪೈಪಿಗೂ ಕೂಲಿಗೂ ಅಂತ 9 ಲಕ್ಷ ಹೊರಗಿನಿಂದ ತಂದೆ, ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿ. ತಿಂಗಳಿಗೆ 18 ಸಾವಿರ. ಕೆಲಸ ಮುಗಿಯಿತು, ಎಂಬಿ (ಅಳತೆ ಪುಸ್ತಕ) ಬರೆದರು, ಬಿಲ್ ಮೇಲಕ್ಕೆ ಹೋಯಿತು, ಅನುದಾನ ಬಂದಿಲ್ಲ ಅಂದರು. ಎಂಟನೇ ತಿಂಗಳಿಗೆ 18 ಎಂಟಲಿ 144. ಲಾಭ ಪೂರ್ತಿ ಬಡ್ಡಿಗೆ ಹೋಯಿತು. ದುಡ್ಡು ಬಂದದ್ದು ಹನ್ನೊಂದನೇ ತಿಂಗಳಿಗೆ. ಆ ಮೂರು ತಿಂಗಳ ಬಡ್ಡಿಯನ್ನು ಮನೆ ಸಂಪರ್ಕದ ಸಣ್ಣ ಸಣ್ಣ ಕೆಲಸದ ದುಡ್ಡಿನಿಂದ ಕಟ್ಟಿದೆ. ಕೆಲಸದಲ್ಲಿ ಒಂದು ಲೀಕ್ ಇರಲಿಲ್ಲ, ಎಂಜಿನಿಯರ್ ಕೂಡ ಒಳ್ಳೆಯ ಮನುಷ್ಯ. ಆದರೂ ಹೀಗಾಯಿತು. ಬಾಕಿ ಬಿಲ್ಲಿಗಾಗಿ ರಾಜ್ಯದ ಗುತ್ತಿಗೆದಾರರ ಸಂಘದವರು ಸರ್ಕಾರದ ಬಾಗಿಲು ತಟ್ಟುತ್ತಲೇ ಇರುವುದನ್ನು ಪತ್ರಿಕೆಯಲ್ಲಿ ನೀವೂ ಓದಿರುತ್ತೀರಿ.

ಇದರ ಮೇಲೆ ಕಡಿತಗಳು. ಟೆಂಡರ್ ಹಾಕುವಾಗ ಕಟ್ಟುವ ಮುಂಗಡ ಠೇವಣಿ, ಅಂದರೆ ಇಎಂಡಿ, ಕೆಲಸ ಸಿಕ್ಕ ಮೇಲೆ ಸಾಮಾನ್ಯವಾಗಿ ಶೇ 5ರ ಭದ್ರತಾ ಠೇವಣಿ, ಡಿಫೆಕ್ಟ್ ಲಯಬಿಲಿಟಿ ಅವಧಿ (ದೋಷ ಕಂಡರೆ ನೀವೇ ಸರಿಪಡಿಸಬೇಕಾದ ಕಾಲ) ಮುಗಿಯುವವರೆಗೆ ಅದು ಕೈಗೆ ಬರುವುದಿಲ್ಲ. ಬಿಲ್ಲಿನಲ್ಲಿ ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ, ಅಂದರೆ ಟಿಡಿಎಸ್, ಒಬ್ಬ ವ್ಯಕ್ತಿಯ ಹೆಸರಿನಲ್ಲಿದ್ದರೆ ಶೇ 1, ಪಾಲುದಾರಿಕೆ ಅಥವಾ ಕಂಪನಿಯಾದರೆ ಶೇ 2. ಎರಡೂವರೆ ಲಕ್ಷ ಮೀರಿದ ಗುತ್ತಿಗೆಗೆ ಜಿಎಸ್‌ಟಿ ಟಿಡಿಎಸ್ ಶೇ 2. ಕಾರ್ಮಿಕ ಸೆಸ್ ಶೇ 1. ಟಿಡಿಎಸ್ ಎರಡೂ ಲೆಕ್ಕ ಸರಿ ಇಟ್ಟರೆ ಹೊಂದಾಣಿಕೆಯಾಗಿ ನಿಮಗೇ ಬರುತ್ತವೆ, ಆದರೆ ರಿಟರ್ನ್ ಹಾಕಿದರೆ ಮಾತ್ರ. ಸರ್ಕಾರಿ ಕಾಮಗಾರಿಗೆ ಜಿಎಸ್‌ಟಿ ಈಗ ಶೇ 18. ದರ ಹಾಕುವಾಗ ಅದು ಒಳಗೋ ಹೊರಗೋ ಎಂದು ಟೆಂಡರ್ ಷರತ್ತನ್ನು ಎರಡು ಸಲ ಓದಿ. ಒಂದು ಸಾಲು ತಪ್ಪಾಗಿ ಓದಿ ಮನೆ ಅಡ ಇಟ್ಟವರಿದ್ದಾರೆ.

ಮೇಲೇರುವುದು ಹೇಗೆ ಎಂದು ಗದಗದ ಹುಡುಗ ಕೇಳಿದ್ದ. ದೊಡ್ಡ ಟೆಂಡರುಗಳಲ್ಲಿ ದರ್ಜೆಯೊಂದೇ ಸಾಲದು, ಟೆಂಡರ್ ಸಾಮರ್ಥ್ಯ ಅಂತ ಒಂದು ಸೂತ್ರ ಇರುತ್ತದೆ. ಕಳೆದ ಐದು ವರ್ಷದಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಅತಿ ಹೆಚ್ಚು ಕೆಲಸದ ಮೊತ್ತವನ್ನು, ಹೊಸ ಕೆಲಸಕ್ಕೆ ಕೊಟ್ಟ ವರ್ಷಗಳಿಂದ ಗುಣಿಸಿ, ಒಂದೂವರೆಯಿಂದ ಮತ್ತೆ ಗುಣಿಸಿ, ಈಗಾಗಲೇ ಕೈಯಲ್ಲಿರುವ ಕೆಲಸ ಕಳೆಯುತ್ತಾರೆ. ಒಂದು ವರ್ಷದಲ್ಲಿ 80 ಲಕ್ಷ ಮಾಡಿದ್ದೀರಿ, ಹೊಸ ಕೆಲಸಕ್ಕೆ ಒಂದು ವರ್ಷ, ಕೈಯಲ್ಲಿ 50 ಲಕ್ಷದ್ದಿದೆ ಅಂದುಕೊಳ್ಳಿ. 80ರ ಒಂದೂವರೆ ಪಟ್ಟು 120, ಅದರಲ್ಲಿ 50 ಹೋದರೆ 70 ಲಕ್ಷ. ಅದಕ್ಕಿಂತ ದೊಡ್ಡ ಕೆಲಸಕ್ಕೆ ನೀವು ಅರ್ಹರಲ್ಲ. ಗುಣಿಸುವ ಅಂಕಿ ಟೆಂಡರಿನಿಂದ ಟೆಂಡರಿಗೆ ಬೇರೆ ಇರಬಹುದು, ಆದರೆ ಲೆಕ್ಕದ ದಾರಿ ಇದೇ. ಹಾಗಾಗಿ ಪ್ರತಿ ಕೆಲಸ ಮುಗಿದಾಗಲೂ ಕೆಲಸ ಪೂರ್ಣಗೊಳಿಸಿದ ಪ್ರಮಾಣಪತ್ರ ಕೇಳಿ ತೆಗೆದುಕೊಳ್ಳಿ. ಎಷ್ಟು ಮೀಟರ್, ಯಾವ ವ್ಯಾಸದ ಪೈಪ್, ಎಷ್ಟು ಆಳುಗುಂಡಿ ಎಂದು ಅದರಲ್ಲಿ ಬರೆಸಿಕೊಳ್ಳಿ. ಮೂರು ವರ್ಷ ಬಿಟ್ಟು ಕೇಳಲು ಹೋದರೆ ಆ ಎಂಜಿನಿಯರ್ ಬೀದರಿಗೆ ವರ್ಗವಾಗಿರುತ್ತಾರೆ.

ಯಾರಿಗೆ ಇದು ಸರಿ? ಆರರಿಂದ ಹನ್ನೆರಡು ತಿಂಗಳು ಬಡ್ಡಿ ಸಾಲವಿಲ್ಲದೆ ಕಾಯಬಲ್ಲವರಿಗೆ. ನನ್ನ ಅಂದಾಜಿನಲ್ಲಿ ನೀವು ಹಿಡಿಯುವ ಕೆಲಸದ ಅರ್ಧ ಮೊತ್ತವಾದರೂ ಸ್ವಂತದ್ದಿರಬೇಕು. ಐದು ಲಕ್ಷ ಇದ್ದರೆ ಹತ್ತು ಲಕ್ಷದ ಕೆಲಸ, ಅದೂ ಒಂದು ಸಲಕ್ಕೆ ಒಂದೇ.

ಪೆಟ್ಟಿ ಕಂಟ್ರಾಕ್ಟ್

ದೊಡ್ಡ ಯುಜಿಡಿ ಯೋಜನೆಗಳನ್ನು ದೊಡ್ಡ ಕಂಪನಿಗಳು ಹಿಡಿಯುತ್ತವೆ, ಪೈಪ್ ಹಾಕುವವರು ಬೇರೆಯವರು. ರನ್ನಿಂಗ್ ಮೀಟರಿಗೆ ಇಷ್ಟು, ಆಳುಗುಂಡಿಗೆ ಇಷ್ಟು ಅಂತ ದರ. ಪೈಪು ಅವರದು, ಕೂಲಿ, ಯಂತ್ರ ನಿಮ್ಮದು. ಪಿಡಬ್ಲ್ಯೂಡಿ ನೋಂದಣಿ ಬೇಡ, ಇಎಂಡಿ ಬೇಡ. ಪೈಪಿಗೆ ದುಡ್ಡು ಹಾಕಬೇಕಿಲ್ಲ ಅನ್ನುವುದೇ ದೊಡ್ಡ ಸಮಾಧಾನ. ಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಲೆವೆಲ್ ಹಿಡಿಯುವುದು, ಆಳುಗುಂಡಿಯಿಂದ ಆಳುಗುಂಡಿಗೆ ಇಳಿಜಾರು ಕಾಯುವುದು, ಲೈನ್ ಟೆಸ್ಟ್ ಕೊಡುವುದು ನನಗೆ ಬಂದದ್ದು ಅಲ್ಲೇ.

ಕೊರತೆ ಏನೆಂದರೆ ಎಂಬಿಯಲ್ಲಿ ನಿಮ್ಮ ಹೆಸರೇ ಇರುವುದಿಲ್ಲ. ಐದು ವರ್ಷ ದುಡಿದು ಇಪ್ಪತ್ತು ಕಿಲೋಮೀಟರ್ ಪೈಪ್ ಹಾಕಿದರೂ ಟೆಂಡರಿಗೆ ತೋರಿಸುವ ಅನುಭವ ಮುಖ್ಯ ಗುತ್ತಿಗೆದಾರರದೇ. ಅವರಿಗೆ ಸರ್ಕಾರದಿಂದ ಬಿಲ್ ಆಗದಿದ್ದರೆ ನಿಮಗೂ ಆಗುವುದಿಲ್ಲ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಹತ್ತು ಜನ ಆದರೆ ಇಎಸ್‌ಐ, ಇಪ್ಪತ್ತು ಜನ ಆದರೆ ಪಿಎಫ್ ವಿಚಾರ ಬರುತ್ತದೆ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಉಚಿತ, ಮಾಡಿಸಿಟ್ಟುಕೊಳ್ಳಿ. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಪಾವತಿ ಆಗಬೇಕು ಎಂಬ ಕಾನೂನಿನ ಬೆಂಬಲ ಕೇಳಲು ಅದು ಬೇಕು. ಕಾಮಗಾರಿ ಗುತ್ತಿಗೆಗೆ ಅದು ಅನ್ವಯಿಸುತ್ತದೆಯೇ ಎಂದು ಕೋರ್ಟುಗಳಲ್ಲಿ ವಾದ ನಡೆದಿದೆ, ಆದ್ದರಿಂದ ಅದೊಂದನ್ನೇ ನಂಬಿ ಕೂರಬೇಡಿ.

ಸಕ್ಕಿಂಗ್ ಲಾರಿ

ಯುಜಿಡಿ ಇಲ್ಲದ ಬಡಾವಣೆ, ಪಟ್ಟಣ ಎಷ್ಟಿವೆ ನೋಡಿ. ಅಲ್ಲೆಲ್ಲ ಮಲದ ಗುಂಡಿ ತುಂಬಿದಾಗ ಲಾರಿ ಬೇಕು. ಬಂಡವಾಳ ನಾಲ್ಕರಲ್ಲೂ ಇದಕ್ಕೇ ಹೆಚ್ಚು, ಲಾರಿ, ಟ್ಯಾಂಕ್, ವ್ಯಾಕ್ಯೂಮ್ ಪಂಪ್ ಎಲ್ಲ ಸೇರಿ. ಆದರೆ ಪ್ರತಿ ಟ್ರಿಪ್ಪಿನ ದುಡ್ಡು ಅಂದೇ ಕೈಗೆ. ಬೇಕಾದ್ದು ಸ್ಥಳೀಯ ಸಂಸ್ಥೆಯ ಅನುಮತಿ, ವಾಹನದ ದಾಖಲೆ, ಸಿಬ್ಬಂದಿಗೆ ರಕ್ಷಣಾ ಸಾಧನ.

ಲಾರಿ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ: ತುಂಬಿದ್ದನ್ನು ಎಲ್ಲಿ ಸುರಿಯುತ್ತೀರಿ? ಕೆರೆಗೋ ರಾಜಕಾಲುವೆಗೋ ಬಿಡುವುದು ಅಪರಾಧ, ಮಹಾಪಾಪವೂ ಹೌದು. ಹತ್ತಿರದಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕ ಇರಬೇಕು. ದೇವನಹಳ್ಳಿಯಲ್ಲಿ 2015ರಲ್ಲೇ ಅಂಥ ಘಟಕ ಶುರುವಾಯಿತು, ದೇಶದಲ್ಲಿ ಒಂದು ಪಟ್ಟಣಕ್ಕೆಂದೇ ಕಟ್ಟಿದ ಮೊದಲ ಘಟಕಗಳಲ್ಲೊಂದು ಅದು. ನಿಮ್ಮ ಊರಿಗೂ ಅಂಥ ಘಟಕಕ್ಕೂ ನಲವತ್ತು ಕಿಲೋಮೀಟರ್ ಇದ್ದರೆ ಡೀಸೆಲ್ ಖರ್ಚಿನಲ್ಲೇ ಲೆಕ್ಕ ತಲೆಕೆಳಗಾಗುತ್ತದೆ. ಗುಂಡಿಯ ತಳದಲ್ಲಿ ಗಟ್ಟಿಯಾಗಿ ಉಳಿದದ್ದನ್ನು ತೆಗೆಯಲು “ಒಬ್ಬರನ್ನ ಇಳಿಸಿ, ಜಾಸ್ತಿ ದುಡ್ಡು ಕೊಡ್ತೀವಿ” ಅನ್ನುವ ಮನೆ ಮಾಲೀಕರು ಸಿಗುತ್ತಾರೆ. ನೀರು ಬಿಟ್ಟು ಕಲಕಿ ಪಂಪಿನಿಂದಲೇ ಎಳೆಯಬೇಕು. ಆಗದಿದ್ದರೆ ಲಾರಿ ವಾಪಸ್ ತನ್ನಿ.

ಆ ಮೂವರಿಗೆ ಹೇಳಿದ್ದು

ನೆಲಮಂಗಲದ ಪ್ಲಂಬರ್‌ಗೆ, ಮೊದಲು ನಿಮ್ಮ ನಗರಸಭೆಯಲ್ಲಿ ಲೈಸೆನ್ಸ್ ಮಾಡಿಸಿ ಅಂದೆ. ಹತ್ತು ವರ್ಷದ ಗಿರಾಕಿಗಳು ಅಲ್ಲೇ ಇದ್ದಾರೆ. ಬೆಂಗಳೂರಿನ ಕಡೆ ಕೆಲಸ ವಾರಕ್ಕೆ ಎರಡಾದರೂ ಬರುವಂತಾದ ಮೇಲೆ ಜಲಮಂಡಳಿಯದಕ್ಕೆ ಅರ್ಜಿ ಹಾಕಲಿ. ಪಿಡಬ್ಲ್ಯೂಡಿ ಕಡೆ ಅವರು ಈಗ ತಿರುಗಿ ನೋಡುವುದೇ ಬೇಡ, ಎರಡು ಮಕ್ಕಳ ಶಾಲೆ ಫೀಸು ತಿಂಗಳ ದುಡ್ಡಿನ ಮೇಲೆ ನಡೆಯುತ್ತಿದೆ.

ಗದಗದ ಹುಡುಗನಿಗೆ ಬೇಸರವಾಯಿತು, ನೇರ ಟೆಂಡರ್ ಹಾಕಬೇಕೆಂದು ಅವನ ಆಸೆ. ನೋಂದಣಿ ಈಗಲೇ ಮಾಡಿಸು, ಆದರೆ ಒಂದು ವರ್ಷ ಯಾರದಾದರೂ ಕೈಕೆಳಗೆ ಸೈಟ್ ನೋಡು ಅಂದೆ. ದರಪಟ್ಟಿ ಓದಲು ಅವನಿಗೆ ಬರುತ್ತದೆ. ಗಟ್ಟಿ ಕಲ್ಲು ಸಿಕ್ಕ ಟ್ರೆಂಚಿನಲ್ಲಿ ದಿನಕ್ಕೆ ಎಷ್ಟು ಮೀಟರ್ ಆಗುತ್ತದೆ ಎಂಬುದು ಸೈಟಿನಲ್ಲಿ ನಿಂತರೆ ಮಾತ್ರ ಗೊತ್ತಾಗುವುದು. ಮನೆಯ ಐದು ಲಕ್ಷ ಅಲ್ಲಿಯವರೆಗೆ ಬ್ಯಾಂಕಿನಲ್ಲೇ ಇರಲಿ, ಸಾಲ್ವೆನ್ಸಿ ಕೇಳಲು ಹೋದಾಗ ಅದೇ ಬ್ಯಾಂಕು ಅವನ ಮುಖ ಗುರುತಿಸುತ್ತದೆ.

ಶಿರಾದವರ ಬಳಿ ಯಂತ್ರ ಇದೆ, ಆಳು ಇದ್ದಾರೆ. ಗಂಟೆ ಲೆಕ್ಕ ಬಿಟ್ಟು ಮೀಟರ್ ಲೆಕ್ಕಕ್ಕೆ ಬನ್ನಿ, ಪೆಟ್ಟಿ ಕಂಟ್ರಾಕ್ಟ್ ಸರಿಯಾಗಿ ಕಾಗದದ ಮೇಲೆ ಹಿಡಿಯಿರಿ ಅಂದೆ. ಮೊನ್ನೆ ಅವರಿಗೆ ಮೊದಲ ವರ್ಕ್ ಆರ್ಡರ್ ಬಂತು, ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದರು. ದರ ಚೆನ್ನಾಗಿಯೇ ಇತ್ತು. ನಾನು ನಾಲ್ಕು ಸಾಲು ಹುಡುಕಿದೆ: ಅಳತೆಯನ್ನು ಎಷ್ಟು ದಿನಕ್ಕೊಮ್ಮೆ ಜಂಟಿಯಾಗಿ ತೆಗೆಯುತ್ತಾರೆ, ಅಳತೆಯಾದ ಎಷ್ಟು ದಿನಕ್ಕೆ ಪಾವತಿ, ಕಲ್ಲು ಸಿಕ್ಕರೆ ದರ ಎಷ್ಟು, ಒಂದೂವರೆ ಮೀಟರ್ ದಾಟಿದ ಟ್ರೆಂಚಿಗೆ ಶೋರಿಂಗ್ (ಗೋಡೆಯ ಆಸರೆ) ಖರ್ಚು ಯಾರದು. ಮೊದಲ ಮೂರು ಇದ್ದವು, ನಾಲ್ಕನೆಯದು ಇರಲಿಲ್ಲ. ಅದನ್ನು ಬರೆಸಿಕೊಳ್ಳದೆ ಸಹಿ ಹಾಕಬೇಡಿ ಅಂತ ವಾಪಸ್ ಕಳಿಸಿದ್ದೇನೆ.